ಗುಳಿಗೆ, ಗೋಣಿ, ದೋಣಿ: ಬರ್ಮಾ ರಣರಂಗದ ಹದಿನಾಲ್ಕನೇ ಸೇನೆ

1943ರಲ್ಲಿ ಭಾರತ–ಬರ್ಮಾ ಗಡಿಯಿಂದ ಗಾಯಗೊಂಡ ಒಬ್ಬ ಸೈನಿಕನನ್ನು ಹಿಂದಕ್ಕೆ ಸಾಗಿಸಿದರೆ, ಕಾಯಿಲೆ ಬಿದ್ದ 120 ಮಂದಿಯನ್ನು ಅವನ ಜೊತೆಗೇ ಸಾಗಿಸಬೇಕಾಗುತ್ತಿತ್ತು. ಮಲೇರಿಯಾ ಒಂದೇ ವರ್ಷಕ್ಕೆ ನೂರು ಮಂದಿಯಲ್ಲಿ 84 ಮಂದಿಯ ಲೆಕ್ಕದಲ್ಲಿ ಬಡಿಯುತ್ತಿತ್ತು. ಅದರ ಬೆನ್ನಿಗೆ ಆಮಶಂಕೆ, ಚರ್ಮರೋಗ, ಹುಲ್ಲಿನ ಹುಳದಿಂದ ಹರಡುವ ಟೈಫಸ್ ಜ್ವರ. ಜಪಾನಿ ಬಂದೂಕುಗಳ ಎದುರಿಗೆ ನಿಲ್ಲುವ ಮೊದಲೇ ಪಡೆ ಕರಗಿಹೋಗುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಈ ಪಡೆಗೆ ಹೊಸ ಹೆಸರು ಬಂತು: ಹದಿನಾಲ್ಕನೇ ಸೇನೆ. ಅದರ ನೊಗ ಹೊತ್ತವರು ವಿಲಿಯಂ ಸ್ಲಿಮ್.

ಸ್ಲಿಮ್ ದೊಡ್ಡ ಮನೆತನದವರಲ್ಲ. 1891ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿ, ಬಡಮಕ್ಕಳ ಶಾಲೆಯಲ್ಲಿ ಮೇಷ್ಟ್ರಾಗಿ, ಕಬ್ಬಿಣದ ಕಂಪನಿಯಲ್ಲಿ ಗುಮಾಸ್ತರಾಗಿ ದುಡಿದವರು. ಮೊದಲ ಮಹಾಯುದ್ಧದಲ್ಲಿ ಗಲಿಪೊಲಿಯಲ್ಲೂ ಮೆಸೊಪೊಟೇಮಿಯಾದಲ್ಲೂ ಗಾಯಗೊಂಡು, ಆಮೇಲೆ ಭಾರತೀಯ ಸೇನೆಯ ಗೂರ್ಖಾ ರೆಜಿಮೆಂಟಿಗೆ ಸೇರಿದರು. ಸಂಬಳ ಸಾಲದೆ ಗುಪ್ತನಾಮದಲ್ಲಿ ಪತ್ರಿಕೆಗಳಿಗೆ ಕಥೆ ಬರೆಯುತ್ತಿದ್ದರು. ಉರ್ದು, ಗೂರ್ಖಾಲಿ ಎರಡನ್ನೂ ಆಡಬಲ್ಲವರಾಗಿದ್ದರು. ಸಿಪಾಯಿಗಳ ನಡುವೆ ಪೆಟ್ಟಿಗೆಯ ಮೇಲೋ ಜೀಪಿನ ಮೇಲೋ ನಿಂತು ಅವರದೇ ಮಾತಿನಲ್ಲಿ ಮಾತಾಡುವಾಗ ಅವರು ಮೊದಲು ಕೇಳುತ್ತಿದ್ದುದು ಊಟ, ಸಂಬಳ, ರಜೆ, ಕಾಗದಪತ್ರಗಳ ವಿಚಾರ. ಗೆಲುವಿನ ಮಾತು ಆಮೇಲೆ.

ಅವರು ಗೆಲುವಿನ ಮಾತಾಡುವ ಸ್ಥಿತಿಯಲ್ಲೂ ಇರಲಿಲ್ಲ. ಒಂದೂವರೆ ವರ್ಷದ ಹಿಂದೆಯಷ್ಟೇ ಸೋತು ಬಂದಿದ್ದರು.

1942ರ ಫೆಬ್ರುವರಿ 23ರ ನಸುಕಿನಲ್ಲಿ ಸಿಟಾಂಗ್ ನದಿಯ ಸೇತುವೆಯನ್ನು ಬ್ರಿಟಿಷರೇ ಸಿಡಿಸಿದರು. ಜಪಾನೀಯರು ಅದನ್ನು ಹಿಡಿದುಬಿಟ್ಟರೆ ರಂಗೂನಿಗೆ ನೇರ ದಾರಿ ಎಂಬ ಭಯ ಅವರದು. ಆದರೆ 17ನೇ ಭಾರತೀಯ ಡಿವಿಷನ್ನಿನ ಬಹುಪಾಲು ಇನ್ನೂ ಆಚೆ ದಡದಲ್ಲೇ ಇತ್ತು. ಸೈನಿಕರು ಬಂದೂಕು ಬಿಸಾಡಿ, ಬಿದಿರಿನ ತೆಪ್ಪ ಕಟ್ಟಿಕೊಂಡು, ಈಜಿಕೊಂಡು ದಾಟಿದರು. ಅನೇಕರು ದಾಟಲಾಗಲಿಲ್ಲ. ಮುಂದೆ ಫೀಲ್ಡ್ ಮಾರ್ಷಲ್ ಆದ ಸ್ಯಾಮ್ ಮಾಣೆಕ್‌ಷಾ ಹೊಟ್ಟೆಗೆ ಗುಂಡುಗಳು ಹೊಕ್ಕು ಬದುಕಿ ಉಳಿದದ್ದು ಇದೇ ಸಿಟಾಂಗ್ ಕಾಳಗದಲ್ಲಿ. ಮಾರ್ಚ್ ಎಂಟಕ್ಕೆ ರಂಗೂನ್ ಬಿತ್ತು. ಅದಾದ ಮೇಲೆ ಬರ್ಮಾ ಕೋರ್‌ನ ಹೊಣೆ ಸ್ಲಿಮ್‌ಗೆ ಬಂತು. ಯೆನಾಂಜಾಂಗ್‌ನ ಎಣ್ಣೆಬಾವಿಗಳಿಗೆ ತಾವೇ ಬೆಂಕಿ ಇಟ್ಟು, ಸುಮಾರು 900 ಮೈಲಿ ಹಿಮ್ಮೆಟ್ಟಿ, ಮೇ ತಿಂಗಳ ಮಳೆ ಶುರುವಾಗುವಾಗ ಅವರು ಮಣಿಪುರದ ಬೆಟ್ಟ ಹತ್ತಿದರು.

ಅದೇ ಬೆಟ್ಟದಾರಿಗಳಲ್ಲಿ ಸೈನಿಕರಿಗಿಂತ ಹಲವು ಪಟ್ಟು ಹೆಚ್ಚು ಸಂಖ್ಯೆಯ ಭಾರತೀಯರು ನಡೆದು ಬಂದರು. ಅಂದಿನ ರಂಗೂನಿನಲ್ಲಿ ಸುಮಾರು ಅರ್ಧದಷ್ಟು ಜನ ಭಾರತ ಮೂಲದವರು: ಬಂದರಿನ ಕೂಲಿಗಳು, ಅಂಗಡಿಯವರು, ಗುಮಾಸ್ತರು, ಲೇವಾದೇವಿಯವರು, ಜಾಡಮಾಲಿಗಳು. ಬರ್ಮಾ ಬಿಟ್ಟು ಹೊರಟವರು ನಾಲ್ಕೈದು ಲಕ್ಷ. ದಾರಿಯಲ್ಲಿ ಕಾಲರಾ, ಮಲೇರಿಯಾ, ಹಸಿವಿನಿಂದ ಸತ್ತವರು ಹತ್ತಾರು ಸಾವಿರ. ಬಿಳಿಯರಿಗೊಂದು ದಾರಿ, ಕರಿಯರಿಗೊಂದು ದಾರಿ ಎಂದು ತಾರತಮ್ಯ ನಡೆದ ದೂರು ಆಗಲೇ ದೇಶದಲ್ಲೆಲ್ಲ ಹಬ್ಬಿತ್ತು. ಸಾಮ್ರಾಜ್ಯ ತನ್ನ ಜನರನ್ನು ಕಾಯಲಾರದು ಎಂಬುದು ಭಾರತದ ಹಳ್ಳಿಹಳ್ಳಿಗೆ ತಿಳಿದದ್ದು ಈ ನಿರಾಶ್ರಿತರ ಬಾಯಿಂದ.

ಹೀಗೆ ಮಾನ ಕಳೆದುಕೊಂಡು ಬಂದವರನ್ನು ಮತ್ತೆ ಅದೇ ಕಾಡಿಗೆ ಕಳಿಸುವುದು ಹೇಗೆ? 1942–43ರ ಚಳಿಗಾಲದಲ್ಲಿ ಅರಾಕಾನ್ ಕರಾವಳಿಯಲ್ಲಿ ಬ್ರಿಟಿಷರು ಒಮ್ಮೆ ಮುನ್ನುಗ್ಗಿ ನೋಡಿದ್ದರು. ಡೊನ್‌ಬಾಯಿಕ್‌ನಲ್ಲಿ ಜಪಾನೀಯರ ನೆಲದಡಿಯ ಮೊರಚೆಗಳಿಗೆ ಮತ್ತೆ ಮತ್ತೆ ತಲೆ ಚಚ್ಚಿಕೊಂಡು, ಮೊದಲು ಹೊರಟ ಜಾಗಕ್ಕೇ ವಾಪಸಾಗಿದ್ದರು. ಜಪಾನಿ ಸೈನಿಕ ಕಾಡಿನಲ್ಲಿ ಅಜೇಯ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಕೊಮಿಲ್ಲಾದಲ್ಲಿ ಠಾಣ್ಯ ಹೂಡಿದ ಸ್ಲಿಮ್ ಮೊದಲು ಕೈ ಹಾಕಿದ್ದು ಆರೋಗ್ಯಕ್ಕೆ. ಮೆಪಾಕ್ರಿನ್ ಎಂಬ ಹಳದಿ ಗುಳಿಗೆ ದಿನಾ ನುಂಗಬೇಕಿತ್ತು. ಅದು ಕಹಿ, ಮೈಯನ್ನೂ ಹಳದಿಗೆ ತಿರುಗಿಸುತ್ತಿತ್ತು. ಅದನ್ನು ನುಂಗಿದರೆ ಗಂಡಸುತನ ಹೋಗುತ್ತದೆ ಎಂಬ ಪುಕಾರು ಬೇರೆ. ಸ್ಲಿಮ್ ದಿಢೀರ್ ತಪಾಸಣೆ ಶುರುಮಾಡಿಸಿದರು. ಒಂದು ಪಡೆಯ ಪ್ರತಿಯೊಬ್ಬನನ್ನೂ ಪರೀಕ್ಷಿಸಿ, ನೂರಕ್ಕೆ 95ಕ್ಕಿಂತ ಕಡಿಮೆ ಮಂದಿ ಗುಳಿಗೆ ನುಂಗಿದ್ದರೆ ಆ ಪಡೆಯ ಕಮಾಂಡರ್ ಮನೆಗೆ. ಮೂವರನ್ನು ಹಾಗೆ ತೆಗೆದರು. ಉಳಿದವರಿಗೆ ಅಷ್ಟೇ ಸಾಕಾಯಿತು. ಮುಸ್ಸಂಜೆಯಾದರೆ ಅಂಗಿಯ ತೋಳು ಇಳಿಸಬೇಕು, ಚಡ್ಡಿ ಬಿಟ್ಟು ಷರಾಯಿ ತೊಡಬೇಕು. ಜ್ವರ ಬಂದವನನ್ನು ನೂರಾರು ಮೈಲಿ ಹಿಂದಿನ ಆಸ್ಪತ್ರೆಗೆ ಕಳಿಸಿ ಐದು ತಿಂಗಳು ಕಳೆದುಕೊಳ್ಳುವ ಬದಲು, ಗಡಿಯ ಹತ್ತಿರವೇ ಡೇರೆಯಲ್ಲಿ ಮೂರು ವಾರ ಮಲಗಿಸಿ ಎಬ್ಬಿಸಿದರು. 1945ರ ಹೊತ್ತಿಗೆ ಕಾಯಿಲೆ ಬೀಳುವವರು ದಿನಕ್ಕೆ ಸಾವಿರಕ್ಕೆ ಒಬ್ಬರಂತೆ ಇಳಿದರು. ಈ ಸೇನೆ ಗೆದ್ದ ಮೊದಲ ಕದನ ಇದೇ. ಮಿಲಿಟರಿ ಇತಿಹಾಸದ ಪುಸ್ತಕಗಳು ಇದಕ್ಕೆ ಕೊಡುವ ಜಾಗ ಕಡಿಮೆ, ಸಲ್ಲಬೇಕಾದ ಜಾಗ ದೊಡ್ಡದು.

ಆಮೇಲಿನದು ಅನ್ನದ ಪ್ರಶ್ನೆ. ಇದನ್ನು ಹೇಳುವಾಗ ಮನಸ್ಸು ಭಾರವಾಗುತ್ತದೆ. ಕಾರಣ, ಈ ಸೇನೆ ಬೀಡು ಬಿಟ್ಟಿದ್ದ ಬಂಗಾಳದಲ್ಲೇ ಅದೇ 1943ರಲ್ಲಿ ಸುಮಾರು 30 ಲಕ್ಷ ಜನ ಹಸಿವಿನಿಂದಲೂ ಹಸಿವಿನ ಬೆನ್ನಿಗೆ ಬಂದ ರೋಗಗಳಿಂದಲೂ ಸತ್ತರು. ಬರ್ಮಾದ ಅಕ್ಕಿ ನಿಂತಿತ್ತು. ಜಪಾನೀಯರ ಕೈಗೆ ಸಿಗಬಾರದೆಂದು ಕರಾವಳಿಯ ಸಾವಿರಾರು ದೋಣಿಗಳನ್ನೂ ಭತ್ತವನ್ನೂ ಸರ್ಕಾರವೇ ಕಸಿದುಕೊಂಡಿತ್ತು. ಬೆಲೆ ಗಗನಕ್ಕೇರಿತ್ತು. ಲಂಡನ್ ಹಡಗು ಕೊಡಲು ಒಪ್ಪಲಿಲ್ಲ. ವೈಸರಾಯ್ ಆಗಿ ಬಂದ ವೇವೆಲ್ ಅಕ್ಟೋಬರ್‌ನಲ್ಲಿ ಸೇನೆಯ ಲಾರಿಗಳನ್ನೂ ಸಿಬ್ಬಂದಿಯನ್ನೂ ಪರಿಹಾರಕ್ಕೆ ಹಚ್ಚಿದರು. ಅಷ್ಟರಲ್ಲಿ ಲಕ್ಷಾಂತರ ಜೀವ ಹೋಗಿತ್ತು. ಹದಿನಾಲ್ಕನೇ ಸೇನೆಯ ಸಾಮಾನು ಸಾಗಣೆಯ ಜಾಣ್ಮೆಯನ್ನು ಮೆಚ್ಚುವಾಗಲೆಲ್ಲ, ಅದೇ ರೈಲು ಹಳಿಗಳ ಪಕ್ಕದಲ್ಲಿ ಬಿದ್ದಿದ್ದವರನ್ನೂ ನೆನೆಯದೆ ಇರಲಾಗದು.

ಆ ಸಾಗಣೆಯ ದಾರಿಯೇ ಒಂದು ಕಗ್ಗಂಟು. ಕಲ್ಕತ್ತೆಯಿಂದ ದೊಡ್ಡ ಹಳಿಯಲ್ಲಿ ಬಂದ ಸರಕನ್ನು ಇಳಿಸಿ ಮೀಟರ್ ಗೇಜಿಗೆ ತುಂಬಬೇಕು. ಬ್ರಹ್ಮಪುತ್ರಕ್ಕೆ ಸೇತುವೆ ಇಲ್ಲ, ಬೋಗಿಗಳನ್ನೇ ದೋಣಿಗೇರಿಸಿ ದಾಟಿಸಬೇಕು. ಚಹಾ ತೋಟಗಳಿಗಾಗಿ ಹಾಕಿದ ಆ ಹಳಿ ಯುದ್ಧಕ್ಕೆ ಮೊದಲು ದಿನಕ್ಕೆ 600 ಟನ್ ಹೊರುತ್ತಿತ್ತು. ಆ ಹಳಿಯಲ್ಲಿ ಬಂದ ಸರಕು ಇಳಿಯುತ್ತಿದ್ದುದು ಡಿಮಾಪುರದಲ್ಲಿ. ಹನ್ನೊಂದು ಮೈಲಿ ಉದ್ದ, ಒಂದು ಮೈಲಿ ಅಗಲಕ್ಕೆ ಹರಡಿದ ಉಗ್ರಾಣ ಅದು. ಅಲ್ಲಿಂದ ಬೆಟ್ಟ ಕಡಿದು ಮಾಡಿದ ರಸ್ತೆಯಲ್ಲಿ 46 ಮೈಲಿಗೆ ಕೊಹಿಮಾ, ಇನ್ನೂ ಮುಂದೆ ಹೋದರೆ ಇಂಫಾಲ್. ಸುಮಾರು 700 ಮೈಲಿ ಉದ್ದದ ರಣರಂಗ. ಯೂರೋಪಿಗೆ ಮೊದಲ ಪಾಲು ಹೋಗಿ, ಆಮೇಲೆ ಉಳಿದದ್ದು ಮಾತ್ರ ಇಲ್ಲಿಗೆ ಬರುತ್ತಿತ್ತು.

ರೇಷ್ಮೆಯ ಪ್ಯಾರಾಷೂಟ್ ಬೇಕೆಂದರೆ ಇಲ್ಲ ಎಂಬ ಉತ್ತರ ಬಂತು. ವಿಮಾನದಿಂದ ಅಕ್ಕಿ, ಮದ್ದುಗುಂಡು ಇಳಿಸಬೇಕಾದರೆ ಲಕ್ಷಗಟ್ಟಲೆ ಬೇಕು. ಸ್ಲಿಮ್‌ರ ಸರಬರಾಜು ಅಧಿಕಾರಿ ಸ್ನೆಲ್ಲಿಂಗ್ ಕಲ್ಕತ್ತೆಯ ಸೆಣಬಿನ ಗಿರಣಿಗಳ ಕದ ತಟ್ಟಿದರು. ಗೋಣಿಯ ನಾರಿನಿಂದಲೇ ಪ್ಯಾರಾಷೂಟ್ ನೇಯಿಸಿ, ತಿಂಗಳೊಪ್ಪತ್ತಿನಲ್ಲಿ ತಯಾರಾದದ್ದು ಪ್ಯಾರಾಜೂಟ್. ಒಂದಕ್ಕೆ ಒಂದು ಪೌಂಡಿಗಿಂತ ತುಸು ಹೆಚ್ಚು ಖರ್ಚು. ರೇಷ್ಮೆಯದಕ್ಕೆ ಇಪ್ಪತ್ತು ಪೌಂಡಿನ ಮೇಲಾಗುತ್ತಿತ್ತು. ಮನುಷ್ಯರನ್ನು ಇಳಿಸಲು ಅದನ್ನು ನಂಬುವಂತಿರಲಿಲ್ಲ, ಮೂಟೆ ಇಳಿಸಲು ನೂರಕ್ಕೆ 85 ಪಾಲು ಸಾಕಾಗುತ್ತಿತ್ತು. ಹೊಸ ರಸ್ತೆಗಳಿಗೆ ಡಾಂಬರು ಸಾಲದಾದಾಗಲೂ ಇದೇ ಗೋಣಿ ನೆರವಿಗೆ ಬಂತು. ಡಾಂಬರಿನಲ್ಲಿ ಅದ್ದಿದ ಗೋಣಿಪಟ್ಟಿಯನ್ನು ಮಟ್ಟಮಾಡಿದ ಮಣ್ಣಿನ ಮೇಲೆ, ಮಾಡಿಗೆ ಹೆಂಚು ಹೊದಿಸಿದಂತೆ ಒಂದರ ಅಂಚಿಗೊಂದು ಹಾಸುತ್ತ ನೂರು ಮೈಲಿಗೂ ಮಿಕ್ಕಿ ರಸ್ತೆ ಮಾಡಿದರು.

ಈ ಸಿದ್ಧತೆಗೆ ಮೊದಲ ಪರೀಕ್ಷೆ 1944ರ ಫೆಬ್ರುವರಿಯಲ್ಲಿ, ಅರಾಕಾನಿನಲ್ಲಿ. ಜಪಾನೀಯರು ಎಂದಿನಂತೆ ಕಾಡಿನಲ್ಲಿ ಸುತ್ತುಬಳಸಿ ಬಂದು 7ನೇ ಭಾರತೀಯ ಡಿವಿಷನ್ನಿನ ಹಿಂದಿನ ದಾರಿ ಕಡಿದರು. ಅದರ ದಂಡನಾಯಕ ಮೆಸ್ಸರ್ವಿಯ ಠಾಣ್ಯವೇ ನುಚ್ಚುನೂರಾಯಿತು. ಅವರು ಕಾಡಿನಲ್ಲಿ ತಪ್ಪಿಸಿಕೊಂಡು ಸಿಂಜ್ವೇಯಾದ ಉಗ್ರಾಣದ ಬಯಲಿಗೆ ಬಂದು ಸೇರಿದರು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಬ್ರಿಟಿಷ್ ಪಡೆ ಕಾಲ್ತೆಗೆಯುತ್ತಿತ್ತು. ಈ ಸಲ ಕೂತಲ್ಲೇ ಕೂರಿ, ಊಟ ಆಕಾಶದಿಂದ ಬರುತ್ತದೆ ಎಂಬ ಆಜ್ಞೆ ಬಂತು. ಗುಮಾಸ್ತರು, ಹೇಸರಗತ್ತೆ ಕಾಯುವವರು, ಅಡುಗೆಯವರು ಬಂದೂಕು ಹಿಡಿದು ಹತ್ತಿರಹತ್ತಿರ ಮೂರು ವಾರ ಆ ಬಯಲನ್ನು ಕಾದರು. ಒಂದು ರಾತ್ರಿ ಆಸ್ಪತ್ರೆಗೆ ನುಗ್ಗಿದ ಜಪಾನೀಯರು ಗಾಯಾಳುಗಳನ್ನೂ ವೈದ್ಯರನ್ನೂ ಕೊಂದರು. ಆದರೆ ಅವರ ಲೆಕ್ಕ ಒಂದು ಕಡೆ ತಪ್ಪಿತ್ತು. ಶತ್ರುವಿನ ಉಗ್ರಾಣ ಹಿಡಿದು ಉಣ್ಣುವುದೆಂದು ಕೆಲವೇ ದಿನದ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಉಗ್ರಾಣ ಕೈಗೆ ಸಿಗಲಿಲ್ಲ.

ಇದೇ ಅರಾಕಾನ್ ರಂಗದ 26ನೇ ಡಿವಿಷನ್ನಿನಲ್ಲಿ ಸಾಮಾನು ಸರಬರಾಜಿನ ಹೊಣೆ ಹೊತ್ತು ಬುಥಿಡಾಂಗ್ ಭಾಗದಲ್ಲಿದ್ದವರು ಕೊಡಗಿನ ಕೆ.ಎಂ. ಕಾರ್ಯಪ್ಪ. ಮುಂದೆ ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದವರು ಅಂದು ಅಕ್ಕಿ, ಎಣ್ಣೆ, ಗುಂಡುಗಳ ಲೆಕ್ಕದಲ್ಲಿ ಮುಳುಗಿದ್ದರು ಎಂಬುದು ಈ ಯುದ್ಧದ ಸ್ವಭಾವಕ್ಕೆ ತಕ್ಕದ್ದೇ. ಬೆಂಗಳೂರಿನ ನಂಟೂ ದೊಡ್ಡದು. ಹಲಸೂರು ಕೆರೆಯ ಆಸುಪಾಸಿನಲ್ಲಿ ತರಬೇತಾದ ಮದ್ರಾಸ್ ಸ್ಯಾಪರ್ಸ್ ಕಂಪನಿಗಳು ಬರ್ಮಾದ ಹೊಳೆಗಳಿಗೆ ಸೇತುವೆ ಕಟ್ಟಿದವು. 1940ರಲ್ಲಿ ಶುರುವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕನ್ ವಾಯುಪಡೆಯ ದುರಸ್ತಿ ಕೇಂದ್ರವಾಗಿ, ಈ ರಂಗದ ವಿಮಾನಗಳನ್ನು ಬಿಚ್ಚಿ ಜೋಡಿಸಿ ಕಳಿಸುತ್ತಿತ್ತು.

ಅರಾಕಾನ್ ಕಾಳಗ ಮುಗಿಯುವ ಮೊದಲೇ ದೊಡ್ಡ ಅಲೆ ಎದ್ದಿತು. ಮಾರ್ಚ್ 1944ರಲ್ಲಿ ಮುತಗುಚಿಯ 15ನೇ ಜಪಾನಿ ಸೇನೆಯ ಮೂರು ಡಿವಿಷನ್, ಸುಮಾರು 85,000 ಮಂದಿ, ಚಿಂದ್ವಿನ್ ನದಿ ದಾಟಿ ಇಂಫಾಲದತ್ತ ಹೊರಟರು. ಮೂರು ವಾರದ ಆಹಾರ, ಜೊತೆಗೆ ದನಕರುಗಳ ಹಿಂಡು. ಅವರೊಂದಿಗೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಸಾವಿರಾರು ಯೋಧರೂ ಇದ್ದರು. ಏಪ್ರಿಲ್ 14ರಂದು ಮೊಯಿರಾಂಗ್‌ನಲ್ಲಿ ಅವರು ತ್ರಿವರ್ಣ ಹಾರಿಸಿದರು.

ಸ್ಲಿಮ್ ಇಲ್ಲಿ ಎರಡು ತಪ್ಪು ಮಾಡಿದರು. ಎರಡನ್ನೂ 1956ರಲ್ಲಿ ಬಂದ ತಮ್ಮ ನೆನಪಿನ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಟಿಡ್ಡಿಮ್ ರಸ್ತೆಯಲ್ಲಿದ್ದ 17ನೇ ಡಿವಿಷನ್ನಿಗೆ ಹಿಂದೆ ಸರಿಯುವ ಆಜ್ಞೆ ತಡವಾಯಿತು. ಕೊಹಿಮಾಕ್ಕೆ ಶತ್ರುವಿನ ಒಂದು ರೆಜಿಮೆಂಟ್ ಬಂದೀತು ಎಂದು ಎಣಿಸಿದ್ದರೆ, ಜಪಾನಿ ದಂಡನಾಯಕ ಸಾತೊನ ಇಡೀ ಡಿವಿಷನ್ ಬಂತು. ದಾರಿಯಲ್ಲಿ ಸಾಂಗ್‌ಶಾಕ್ ಎಂಬ ನಾಗಾ ಹಳ್ಳಿಯಲ್ಲಿ 50ನೇ ಭಾರತೀಯ ಪ್ಯಾರಾಷೂಟ್ ಬ್ರಿಗೇಡ್ ನೀರೂ ಇಲ್ಲದ ಗುಡ್ಡದ ಮೇಲೆ ಕಾದಾಡಿ, ಜಪಾನೀಯರನ್ನು ಕೆಲವು ದಿನ ತಡೆಯಿತು. ಆ ಕೆಲವು ದಿನಗಳೇ ಕೊಹಿಮಾವನ್ನು ಉಳಿಸಿದವು ಎಂದರೆ ಅತಿಶಯವಲ್ಲ. ಅಷ್ಟರಲ್ಲಿ ಅರಾಕಾನಿನಿಂದ 5ನೇ ಭಾರತೀಯ ಡಿವಿಷನ್ ಫಿರಂಗಿ, ಹೇಸರಗತ್ತೆಗಳ ಸಮೇತ ವಿಮಾನವೇರಿ ಇಂಫಾಲದಲ್ಲಿ ಇಳಿದಿತ್ತು. ಕಾದಾಡುತ್ತಿದ್ದ ಒಂದು ಡಿವಿಷನ್ನನ್ನು ಹೀಗೆ ಎತ್ತಿ ಇನ್ನೊಂದು ಕದನಕ್ಕೆ ಇಳಿಸಿದ್ದು ಅದೇ ಮೊದಲು.

ಕೊಹಿಮಾದಲ್ಲಿ ಸುಮಾರು 1,500 ಸೈನಿಕರು, ಜೊತೆಗೆ ಆಯುಧ ಹಿಡಿದು ಅಭ್ಯಾಸವಿಲ್ಲದ ಇನ್ನಷ್ಟು ಮಂದಿ. ಏಪ್ರಿಲ್ ಮೊದಲ ವಾರದಿಂದ ಹದಿನಾರು ದಿನ ಅವರ ಹಿಡಿತದಲ್ಲಿದ್ದ ನೆಲ ದಿನದಿನಕ್ಕೆ ಕುಗ್ಗಿತು. ಕೊನೆಗೆ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಈ ಬದಿಗೆ ಒಬ್ಬರು, ಆ ಬದಿಗೆ ಇನ್ನೊಬ್ಬರು. ಕೈಬಾಂಬು ಎಸೆದರೆ ತಲುಪುವಷ್ಟು ದೂರ. ನೀರನ್ನು ಅಳೆದು ಕುಡಿಯಬೇಕಿತ್ತು. ಅಸ್ಸಾಂ ರೆಜಿಮೆಂಟ್, ಅಸ್ಸಾಂ ರೈಫಲ್ಸ್, ರಾಯಲ್ ವೆಸ್ಟ್ ಕೆಂಟ್ಸ್ ಅಲ್ಲಿ ಕಚ್ಚಿ ನಿಂತರೆ, ಎರಡು ಮೈಲಿ ಆಚೆಯ ಜೋತ್ಸೋಮಾದಿಂದ 161ನೇ ಭಾರತೀಯ ಬ್ರಿಗೇಡಿನ ಫಿರಂಗಿಗಳು ಗೆರೆ ಎಳೆದಂತೆ ಗುರಿಯಿಟ್ಟು ಗುಂಡು ಬೀಳಿಸುತ್ತಿದ್ದವು. ಆ ಊರಿನ ನಾಗಾ ಜನ ಮನೆಮಠ ಸುಟ್ಟುಹೋದರೂ ಗಾಯಾಳುಗಳನ್ನು ಹೊತ್ತರು, ದಾರಿ ತೋರಿದರು, ಶತ್ರುವಿನ ಸುಳಿವು ತಂದರು. ಅವರಿಲ್ಲದೆ ಈ ಕಥೆ ಬೇರೆಯೇ ಆಗುತ್ತಿತ್ತು. ಸಾತೊ ಕೊಹಿಮಾವನ್ನು ಬದಿಗಿಟ್ಟು ನೇರ ಡಿಮಾಪುರದ ಉಗ್ರಾಣಕ್ಕೆ ನುಗ್ಗಿದ್ದರೂ ಬೇರೆಯಾಗುತ್ತಿತ್ತು. ಆತ ಹಾಗೆ ಮಾಡಲಿಲ್ಲ.

ಇಂಫಾಲದ ಬಯಲಿನಲ್ಲಿ ಸುಮಾರು ಒಂದೂವರೆ ಲಕ್ಷ ಸೈನಿಕರು ತಿಂಗಳುಗಟ್ಟಲೆ ವಿಮಾನದ ಪಡಿಯಲ್ಲಿ ಬದುಕಿದರು. ಜಪಾನೀಯರಿಗೆ ಏನೂ ಬರಲಿಲ್ಲ. ಮೇಲಿನವರ ಆಜ್ಞೆ ಮೀರಿ ಸಾತೊ ಹಸಿದ ತನ್ನ ಪಡೆಯನ್ನು ಹಿಂದಕ್ಕೆ ಕರೆದೊಯ್ದ. ಮುತಗುಚಿ ಮೂರೂ ಡಿವಿಷನ್ನಿನ ದಂಡನಾಯಕರನ್ನು ಕಿತ್ತೆಸೆದ. ಜೂನ್ 22ರಂದು ಕೊಹಿಮಾ–ಇಂಫಾಲ್ ರಸ್ತೆ ತೆರೆಯಿತು. ಬಂದ 85,000 ಜಪಾನೀಯರಲ್ಲಿ ಸುಮಾರು 30,000 ಮಂದಿ ಸತ್ತರು. ಬಹುಪಾಲು ಗುಂಡಿನಿಂದಲ್ಲ, ಮಳೆಗಾಲದ ಬೆಟ್ಟದಾರಿಯಲ್ಲಿ ಹಸಿವು ಮತ್ತು ಜ್ವರದಿಂದ. ಎರಡು ವರ್ಷದ ಹಿಂದೆ ನಮ್ಮವರು ಅದೇ ದಾರಿಯಲ್ಲಿ ಸತ್ತಂತೆಯೇ.

ಸ್ಲಿಮ್ ಮಳೆ ನಿಲ್ಲುವವರೆಗೆ ಕಾಯಲಿಲ್ಲ. ಕಬಾವ್ ಕಣಿವೆ ಮಲೇರಿಯಾಕ್ಕೆ ಹೆಸರಾದದ್ದು. ಅದರ ಕೆಸರಿನಲ್ಲಿ ಕೀನ್ಯಾ, ಉಗಾಂಡ, ಟಾಂಗನ್ಯೀಕಾ, ನ್ಯಾಸಾಲ್ಯಾಂಡ್ ಕಡೆಯ 11ನೇ ಪೂರ್ವ ಆಫ್ರಿಕಾ ಡಿವಿಷನ್ ಬೆನ್ನಟ್ಟಿ ಹೋಯಿತು. ಆಫ್ರಿಕಾದ ಹಳ್ಳಿಗನೊಬ್ಬ ಬರ್ಮಾದ ಕಾಡಿಗೆ ಬಂದು ಜಪಾನಿನವನೊಡನೆ ಕಾದುವ ಗರಜು ಏನಿತ್ತು? ಸಾಮ್ರಾಜ್ಯ ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಈ ಸೇನೆಯಡಿ ಬೇರೆ ಬೇರೆ ಕಾಲಕ್ಕೆ ಕಾದ 13 ಡಿವಿಷನ್‌ಗಳಲ್ಲಿ ಎಂಟು ಭಾರತೀಯ, ಮೂರು ಆಫ್ರಿಕನ್, ಎರಡು ಬ್ರಿಟಿಷ್. ಇದನ್ನು ಬ್ರಿಟಿಷ್ ಸೇನೆ ಎಂದು ಕರೆಯುವುದು ಅರ್ಧ ಸತ್ಯವೂ ಅಲ್ಲ.

1944ರ ಡಿಸೆಂಬರ್‌ನಲ್ಲಿ ಕಲೇವಾದಲ್ಲಿ ಚಿಂದ್ವಿನ್‌ಗೆ 1,154 ಅಡಿ ಉದ್ದದ ಬೈಲಿ ಸೇತುವೆ ಎದ್ದಿತು. ಆ ಜಾತಿಯ ಸೇತುವೆಗಳಲ್ಲಿ ಅಂದಿಗೆ ಅದೇ ಅತಿ ಉದ್ದದ್ದು. ಅಲ್ಲೇ ದಡದಲ್ಲಿ ಒಂದು ಹಡಗುಕಟ್ಟೆಯೂ ಶುರುವಾಯಿತು. ಆನೆಗಳು ಕಾಡಿನಿಂದ ತೇಗದ ದಿಮ್ಮಿ ಎಳೆದು ತಂದವು. ಬಡಗಿಗಳು, ಇಂಜಿನಿಯರುಗಳು ಐನೂರಕ್ಕೂ ಹೆಚ್ಚು ಸರಕುದೋಣಿ ಕಟ್ಟಿದರು. ಫಿರಂಗಿ ಕೂರಿಸಿದ ಎರಡು ದೋಣಿಗಳಿಗೆ ಸ್ಲಿಮ್ ತಮ್ಮ ಮಗಳು ಊನಾ, ತಮ್ಮ ಮೇಲಧಿಕಾರಿ ಮೌಂಟ್‌ಬ್ಯಾಟನ್ನರ ಮಗಳು ಪಮೇಲಾ ಹೆಸರಿಟ್ಟರು.

ಈಗ ಎದುರಿಗಿದ್ದದ್ದು ಐರಾವತಿ. ಜಪಾನಿ ಮಹಾದಂಡನಾಯಕ ಕಿಮುರಾ ನದಿಯಾಚೆ ಸರಿದು, ಮಂಡಾಲೆಯ ಎದುರಿಗೆ ಬ್ರಿಟಿಷರು ದಾಟುವುದನ್ನೇ ಕಾದು ಕೂತ. ಸ್ಲಿಮ್ ಅವನ ನಿರೀಕ್ಷೆಯನ್ನು ಹುಸಿಮಾಡಲಿಲ್ಲ. ಮಂಡಾಲೆಯ ಉತ್ತರಕ್ಕೂ ಪಶ್ಚಿಮಕ್ಕೂ 33ನೇ ಕೋರ್ ದಾಟಿತು. ಆದರೆ ಮೆಸ್ಸರ್ವಿಯ 4ನೇ ಕೋರ್ ಸದ್ದಿಲ್ಲದೆ ಪಶ್ಚಿಮದ ಕಣಿವೆಯಲ್ಲಿ ನೂರಾರು ಮೈಲಿ ದಕ್ಷಿಣಕ್ಕೆ ಇಳಿಯುತ್ತಿತ್ತು. ಅದರ ರೇಡಿಯೊಗಳು ಮೌನ. ಅವುಗಳ ಬದಲು ತಾಮುವಿನಲ್ಲಿ ಕೂತ ಸುಳ್ಳು ಠಾಣ್ಯವೊಂದು ಎಡೆಬಿಡದೆ ಸಂದೇಶ ಕಳಿಸುತ್ತಿತ್ತು. ಫೆಬ್ರುವರಿ 14ರ ನಸುಕಿಗೆ ನ್ಯಾಂಗ್‌ಉ ಬಳಿ 7ನೇ ಡಿವಿಷನ್ ನದಿಗಿಳಿಯಿತು. ದೋಣಿಗಳು ಸೋರಿದವು, ಮೋಟಾರು ಕೆಟ್ಟವು, ಮೊದಲ ತಂಡಗಳು ಗುಂಡಿನ ಮಳೆಗೆ ಸಿಕ್ಕವು. ಹಾಗಿದ್ದೂ ಹಿಡಿತ ಸಿಕ್ಕಿತು. ಕೆಳಗೆ ಪಗಾನ್‌ನಲ್ಲಿ ಸಿಖ್ ಪಡೆ ದಾಟಿದಾಗ ಎದುರಿಗಿದ್ದ ಆಜಾದ್ ಹಿಂದ್ ಸೈನಿಕರು ಶರಣಾದರು. ಎರಡೂ ದಡದಲ್ಲಿದ್ದವರು ಭಾರತೀಯರೇ.

ಅಲ್ಲಿಂದ ಟ್ಯಾಂಕುಗಳೊಂದಿಗೆ ಮುನ್ನುಗ್ಗಿದ್ದು 17ನೇ ಡಿವಿಷನ್, ಸಿಟಾಂಗ್‌ನಲ್ಲಿ ನೀರುಪಾಲಾಗಿದ್ದ ಅದೇ ಡಿವಿಷನ್. ಮಾರ್ಚ್ ಮೊದಲ ವಾರದಲ್ಲಿ ಅದು ಮೈಕ್ಟಿಲಾವನ್ನು ಹಿಡಿಯಿತು. ಜಪಾನೀಯರ ಉಗ್ರಾಣ, ಆಸ್ಪತ್ರೆ, ವಿಮಾನನಿಲ್ದಾಣ, ರೈಲು ಎಲ್ಲವೂ ಆ ಊರಲ್ಲಿತ್ತು. ಕಿಮುರಾ ಮಂಡಾಲೆಯನ್ನು ಬಿಟ್ಟು ಅದನ್ನು ಮರಳಿ ಪಡೆಯಲು ಪಡೆಯನ್ನೆಲ್ಲ ತಿರುಗಿಸಿದ. ಮಂಡಾಲೆ, ಟಿಳಕರು ಆರು ವರ್ಷ ಸೆರೆಯಲ್ಲಿದ್ದು ಗೀತಾರಹಸ್ಯ ಬರೆದ ಊರು, ಬೋಸರೂ ಬಂದಿಯಾಗಿದ್ದ ಊರು, ಮಾರ್ಚ್ 20ಕ್ಕೆ 19ನೇ ಭಾರತೀಯ ಡಿವಿಷನ್ನಿನ ವಶವಾಯಿತು. ಶತ್ರುವನ್ನು ಅವನ ಅನ್ನದ ಮಡಕೆಯ ಬಳಿ ಹಿಡಿಯುವ ಪಾಠವನ್ನು ಸ್ಲಿಮ್ ಕಲಿತದ್ದು ತಮ್ಮದೇ ಸೋಲಿನಿಂದ.

ಆ ವೇಳೆಗೆ ಅರಾಕಾನಿನ 15ನೇ ಕೋರ್ ಅನ್ನು ಹದಿನಾಲ್ಕನೇ ಸೇನೆಯಿಂದ ಬೇರ್ಪಡಿಸಿದ್ದರು. ಅಲ್ಲಿಯ ಕಾಂಗಾವ್ ಕದನವನ್ನು ಕನ್ನಡಿಗರು ಅರಿಯಬೇಕು. 1945ರ ಜನವರಿ ಕೊನೆಯಲ್ಲಿ ನಡೆದ ಆ ಕಾಳಗದಲ್ಲಿ 51ನೇ ಬ್ರಿಗೇಡಿನ ಮೂರೂ ಬಟಾಲಿಯನ್‌ಗಳಿಗೆ ಭಾರತೀಯರೇ ನಾಯಕರು: ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಎಸ್.ಪಿ.ಪಿ. ಥೋರಾಟ್, ಎಲ್.ಪಿ. ಸೇನ್. ಭಾರತೀಯರು ಪಡೆ ನಡೆಸಬಲ್ಲರೇ ಎಂದು ಅನುಮಾನಿಸುತ್ತಿದ್ದ ಸೇನೆಯಲ್ಲಿ ಮೂವರಿಗೂ ಡಿಎಸ್‌ಒ ಪದಕ ಬಂತು. ತಿಮ್ಮಯ್ಯನವರ ಅಣ್ಣ ಸಿಂಗಪುರದಲ್ಲಿ ಸೆರೆಸಿಕ್ಕು ಆಜಾದ್ ಹಿಂದ್ ಫೌಜು ಸೇರಿದ್ದರು.

ಏಪ್ರಿಲ್‌ನಲ್ಲಿ ಮಳೆಯೊಡನೆ ಪಂದ್ಯ ಬಿತ್ತು. ಮಾರ್ಚ್ 27ರಂದು, ಅಲ್ಲಿಯವರೆಗೆ ಜಪಾನೀಯರ ಜೊತೆಗಿದ್ದ ಆಂಗ್ ಸಾನ್‌ರ ಬರ್ಮಾ ಪಡೆ ಜಪಾನೀಯರ ಮೇಲೆ ತಿರುಗಿಬಿದ್ದಿತ್ತು. ಟೌಂಗೂ ದಾರಿಯಲ್ಲಿ ಕರೆನ್ ಜನ ಶತ್ರುವನ್ನು ಬೆಟ್ಟದಲ್ಲೇ ತಡೆದರು. ಪೆಗು ಬಳಿ ಮುಂಗಾರು ಎರಡು ವಾರ ಮುಂಚೆ ಸುರಿದು, 17ನೇ ಡಿವಿಷನ್ ರಂಗೂನಿಗೆ ಸುಮಾರು ನಲವತ್ತು ಮೈಲಿ ಇರುವಾಗ ಕೆಸರಿನಲ್ಲಿ ಸಿಕ್ಕಿಕೊಂಡಿತು. ಮೇ 3ರಂದು ಸಮುದ್ರದ ಕಡೆಯಿಂದ ಬಂದ 26ನೇ ಡಿವಿಷನ್ ಜಪಾನೀಯರು ಬಿಟ್ಟುಹೋಗಿದ್ದ ರಂಗೂನಿಗೆ ಕಾಲಿಟ್ಟಿತು. ಮೂರು ವರ್ಷ ಕಾದ 17ನೇ ಡಿವಿಷನ್ನಿನವರಿಗೆ ಆ ಭಾಗ್ಯ ಸಿಗಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ಹದಿನಾಲ್ಕನೇ ಸೇನೆಯೇ ಇಲ್ಲವಾಯಿತು. ನವೆಂಬರ್ 5ರಂದು ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳಾದ ಸಹಗಲ್, ಧಿಲ್ಲೋನ್, ಷಾನವಾಜ್ ಖಾನರ ವಿಚಾರಣೆ ಶುರುವಾದಾಗ ದೇಶದ ಕಣ್ಣು ಅಲ್ಲಿತ್ತು. ಧಿಲ್ಲೋನ್ ಐರಾವತಿ ದಡದಲ್ಲಿ, ಸಹಗಲ್ ಪೋಪಾ ಬೆಟ್ಟದಲ್ಲಿ ಇದೇ ಸೇನೆಯನ್ನು ಎದುರಿಸಿದವರು. ದೇಶ ಅವರನ್ನು ಎದೆಗಪ್ಪಿಕೊಂಡದ್ದು ಸಹಜ, ನ್ಯಾಯವೂ ಹೌದು. ಆದರೆ ಪಗಾರಕ್ಕೋ, ಮನೆತನದ ರೂಢಿಗೋ, ಕಸುಬಿನ ಅಭಿಮಾನಕ್ಕೋ ಈಚೆ ದಡದಲ್ಲಿ ನಿಂತು ಕಾದ ಲಕ್ಷಾಂತರ ರೈತರ ಮಕ್ಕಳಿಗೆ ನಮ್ಮ ಪಠ್ಯಗಳಲ್ಲಿ ಒಂದು ಪುಟವೂ ಇಲ್ಲದೆ ಹೋಯಿತು. ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಮರೆಯಬೇಕಾಗಿರಲಿಲ್ಲ.

1947ರಲ್ಲಿ ಈ ಸೇನೆಯ ರೆಜಿಮೆಂಟುಗಳು ಎರಡು ದೇಶಗಳಿಗೆ ಹಂಚಿಹೋದವು. ಮೆಸ್ಸರ್ವಿ ಪಾಕಿಸ್ತಾನದ ಮೊದಲ ಮಹಾದಂಡನಾಯಕರಾದರು, ಮಿನ್ಮು ಬಳಿ 20ನೇ ಡಿವಿಷನ್ನನ್ನು ಐರಾವತಿ ದಾಟಿಸಿದ ಗ್ರೇಸಿ ಎರಡನೆಯವರು. ಕಾಂಗಾವ್‌ನಲ್ಲಿ ಬಲೂಚ್ ಬಟಾಲಿಯನ್ ನಡೆಸಿದ್ದ ಸೇನ್ ಅದೇ ವರ್ಷ ಕಾಶ್ಮೀರ ಯುದ್ಧದಲ್ಲಿ ಶ್ರೀನಗರವನ್ನು ಕಾಯಲು ಹೋದಾಗ ಅವರ ಬ್ರಿಗೇಡಿನ ಸಂಖ್ಯೆ ಕೊಹಿಮಾದ ಅದೇ 161. ಮರುವರ್ಷ ಪಶ್ಚಿಮ ಕಮಾಂಡಿನ ಮುಖ್ಯಸ್ಥರು ಕಾರ್ಯಪ್ಪ, ಕಾಶ್ಮೀರದ ಡಿವಿಷನ್ನಿಗೆ ತಿಮ್ಮಯ್ಯ. ಲಡಾಖಿನ ದಾರಿ ಕಟ್ಟಿಹಾಕಿದ್ದ ಜೋಜಿ ಲಾ ಕಣಿವೆ ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿದೆ. ಅಲ್ಲಿಗೆ ಮದ್ರಾಸ್ ಸ್ಯಾಪರ್ಸ್ ಬೆಟ್ಟ ಕಡಿದು ದಾರಿ ಮಾಡಿದರು. 1948ರ ನವೆಂಬರ್ 1ರಂದು ಆ ದಾರಿಯಲ್ಲಿ ಏರಿ ಶತ್ರುವನ್ನು ಬೆರಗಾಗಿಸಿದ್ದು 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು. ನಾಲ್ಕು ವರ್ಷದ ಹಿಂದೆ ಇಂಫಾಲದ ಬೆಟ್ಟಗಳನ್ನು ಏರಿದ್ದ ರೆಜಿಮೆಂಟ್ ಅದು.